ಎದ್ದು ನಿಲ್ಲುವ 52 ಸೆಕೆಂಡು

2017ರಲ್ಲಿ ಅಪ್ಪ ಹುಬ್ಬಳ್ಳಿಯಿಂದ ಮುಂಬಯಿಗೆ ಬಂದಿದ್ದಾಗ ಸಿನೆಮಾಕ್ಕೆ ಕರೆದುಕೊಂಡು ಹೋಗಿದ್ದೆ. ರಾಷ್ಟ್ರಗೀತೆ ಶುರುವಾಗುತ್ತಲೇ ಅವರು ಮುಂದಿನ ಸೀಟು ಹಿಡಿದು ಏಳಲು ನೋಡಿದರು. ಮೊಣಕಾಲು ಕೇಳಲಿಲ್ಲ, ಅರ್ಧಕ್ಕೇ ಕೂತುಬಿಟ್ಟರು. ಹಿಂದಿನಿಂದ ಯಾರೋ "ಖಡೇ ಹೋ ಜಾವೋ" ಎಂದು ಗದರಿದರು. ನಾನು ತಿರುಗಿ ಒಂದು ಮಾತೂ ಆಡಲಿಲ್ಲ. ಸೆಟೆದು ನಿಂತಿದ್ದೆನಲ್ಲ!

ಹೊರಗೆ ಬಂದಮೇಲೆ ಅಪ್ಪನೇ ನಕ್ಕರು: "ನಮ್ಮ ಕಾಲದಾಗ ಸಿನೆಮಾ ಮುಗದ ಮ್ಯಾಲೆ ಜನಗಣಮನ ಹಾಕತಿದ್ರಪಾ. ಅಷ್ಟರಾಗ ಅರ್ಧ ಮಂದಿ ಬಾಗಲದಾಗ ಇರತಿದ್ರು."

1962ರ ಚೀನಾ ಯುದ್ಧದ ನಂತರ ಬೆಳೆದ ಪದ್ಧತಿ ಅದು. ಮನೆಗೆ ಹೊರಟವರು ನಿಲ್ಲುತ್ತಿರಲಿಲ್ಲ. ಎಪ್ಪತ್ತರ ದಶಕದಲ್ಲಿ ಅದು ತಾನಾಗಿ ಮರೆಯಾಯಿತು. 2003ರಲ್ಲಿ ಮಹಾರಾಷ್ಟ್ರ ಮತ್ತೆ ತಂದಾಗ ಗೀತೆ ಸಿನೆಮಾದ ಮೊದಲಿಗೆ ಬಂದಿತ್ತು. ನನಗೆ ಇದು ಸಣ್ಣ ಬದಲಾವಣೆ ಅನ್ನಿಸುವುದಿಲ್ಲ. ಟಿಕೆಟ್ಟಿಗೆ ದುಡ್ಡು ಕೊಟ್ಟು, ಪಾಪ್‌ಕಾರ್ನ್ ಹಿಡಿದು ಕೂತವನು ಎಲ್ಲಿಗೆ ಎದ್ದು ಹೋಗುತ್ತಾನೆ?

2016ರ ನವೆಂಬರ್ 30ರಂದು ಸುಪ್ರೀಂ ಕೋರ್ಟು ಇದನ್ನು ಇಡೀ ದೇಶಕ್ಕೆ ಕಡ್ಡಾಯ ಮಾಡಿತು. ಮರುತಿಂಗಳು ಅಂಗವಿಕಲರಿಗೆ ವಿನಾಯಿತಿ ಸಿಕ್ಕಿತು. ಆದರೆ ಕತ್ತಲಲ್ಲಿ, ಹಿಂದಿನ ಸಾಲಿನಿಂದ, ಯಾರ ಮೊಣಕಾಲು ಹೇಗಿದೆ ಎಂದು ಯಾರಿಗೆ ಕಾಣುತ್ತದೆ? 2018ರ ಜನವರಿ 9ರಂದು ಕೋರ್ಟೇ ಕಡ್ಡಾಯವನ್ನು ತೆಗೆಯಿತು. ಗೀತೆ ಹಾಕಿದರೆ ಗೌರವ ತೋರಬೇಕೆಂಬುದು ಮಾತ್ರ ಉಳಿಯಿತು. ರಾಷ್ಟ್ರಗೌರವದ 1971ರ ಕಾಯ್ದೆಯಾದರೋ ಶಿಕ್ಷೆ ಹೇಳುವುದು ಉದ್ದೇಶಪೂರ್ವಕವಾಗಿ ಹಾಡಲು ಬಿಡದವರಿಗೆ, ಹಾಡುವ ಸಭೆಗೆ ಅಡ್ಡಿ ಮಾಡುವವರಿಗೆ. ಸುಮ್ಮನೆ ಕೂತವರ ಮಾತು ಅದರಲ್ಲಿಲ್ಲ. ಹಾಗೆ ನೋಡಿದರೆ ಅಂದು ಗೀತೆಯ ನಡುವೆ ಗದ್ದಲ ಮಾಡಿದ್ದು ಅಪ್ಪನಲ್ಲ.

ಇದೆಲ್ಲ ಓದುವಾಗ ಕೇರಳದ ಮೊಕದ್ದಮೆಯೊಂದು ಸಿಕ್ಕಿತು. ಯೆಹೋವನ ಸಾಕ್ಷಿಗಳ ಪಂಥಕ್ಕೆ ಸೇರಿದ ಒಂದೇ ಮನೆಯ ಮೂವರು ಮಕ್ಕಳು ಶಾಲೆಯಲ್ಲಿ ರಾಷ್ಟ್ರಗೀತೆಗೆ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ಮರುವರ್ಷ ಆಗಸ್ಟಿನಲ್ಲಿ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿಯವರ ಪೀಠ ಮಕ್ಕಳ ಪರ ತೀರ್ಪು ಕೊಟ್ಟಿತು: ಗೌರವದಿಂದ ನಿಂತರೆ ಸಾಕು, ಹಾಡದಿರುವುದು ಅವಮಾನವಲ್ಲ.

ಆ ಮಕ್ಕಳು ನಿಂತಿದ್ದರು, ಹಾಡಲಿಲ್ಲ. ಅಪ್ಪನಿಗೆ ನಿಲ್ಲಲಾಗಲಿಲ್ಲ, ಕೂತಲ್ಲೇ, ಸಣ್ಣ ದನಿಯಲ್ಲಿ, ಕೊನೆಯ ಸಾಲಿನವರೆಗೂ ಹಾಡಿದ್ದರು. ಹಿಂದಿನವರಿಗೆ ಅದು ಕೇಳಿಸಿರಲಿಕ್ಕಿಲ್ಲ. ಪಕ್ಕದಲ್ಲಿದ್ದ ನನಗೆ ಕೇಳಿಸಿತ್ತು.