ಕೊನೆಯ ಉಡುಪು, ಮುಂದುವರಿದ ಕೈಗಳು: ವಸ್ತ್ರಕಲೆಯಲ್ಲಿ ಕರ್ತೃತ್ವದ ಪ್ರಶ್ನೆ

ಗುತ್ತೂರಿನ ನೆರೆಯ ಹರಿಹರದಲ್ಲಿರುವ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದನು. 1268ರಲ್ಲಿ ದಂಡನಾಯಕ ಸೋಮನು ಅದನ್ನು ವಿಸ್ತರಿಸಿದನು. ಹೀಗೆ ಒಬ್ಬರು ಆರಂಭಿಸಿದ್ದನ್ನು ಇನ್ನೊಬ್ಬರು ಮುಂದುವರಿಸುವುದು ನಮ್ಮ ಕಲಾಪರಂಪರೆಯ ಸಹಜ ಕ್ರಮ. ಹೊಯ್ಸಳ ಶಿಲ್ಪಿಗಳು ಅನೇಕ ಕಡೆ ತಮ್ಮ ಹೆಸರನ್ನೂ ಕಲ್ಲಿನಲ್ಲಿ ಕೆತ್ತಿದ್ದಾರೆ. ಆದರೆ ಬಟ್ಟೆಯ ಮೇಲೆ ದುಡಿದ ಕೈಗಳಿಗೆ ಅಂತಹ ದಾಖಲೆ ದೊರೆತದ್ದು ವಿರಳ. ಈ ವ್ಯತ್ಯಾಸವನ್ನು ಅರಿಯಲು ಆಧುನಿಕ ಯುರೋಪಿನ ಒಂದು ನಿದರ್ಶನ ನೆರವಾಗುತ್ತದೆ.

ಲಂಡನ್ನಿನ ವಸ್ತ್ರವಿನ್ಯಾಸಕಾರ ಅಲೆಕ್ಸಾಂಡರ್ ಮೆಕ್ವೀನ್ (1969-2010) ಹದಿಹರೆಯದಲ್ಲಿ ಸಾವಿಲ್ ರೋ ಎಂಬ ದರ್ಜಿಗಳ ಬೀದಿಯಲ್ಲಿ ಕಸುಬು ಕಲಿತವನು. ತನ್ನ ಕೊನೆಯ ಸಂಗ್ರಹಕ್ಕೆ ಅವನು ಹಳೆಯ ಯುರೋಪಿನ ಧಾರ್ಮಿಕ ಕಲೆಯನ್ನು ಆಧಾರವಾಗಿಸಿಕೊಂಡನು. ಹೀರೊನಿಮಸ್ ಬಾಷ್, ಬೊಟ್ಟಿಚೆಲ್ಲಿ ಮೊದಲಾದವರ ಚಿತ್ರಗಳನ್ನು ಡಿಜಿಟಲ್ ರೂಪಕ್ಕೆ ತಂದು, ಜಕಾರ್ಡ್ ಮಗ್ಗದಲ್ಲಿ ನೇಯಿಸಿ ಅಥವಾ ಬಟ್ಟೆಯ ಮೇಲೆ ಮುದ್ರಿಸಿ ಉಡುಪಾಗಿಸಿದನು. ಸಂಗ್ರಹ ಪೂರ್ಣವಾಗುವ ಮೊದಲೇ, 2010ರ ಫೆಬ್ರವರಿ 11ರಂದು ಅವನು ತೀರಿಕೊಂಡನು. ಉಳಿದ ಕೆಲಸವನ್ನು ಮುಗಿಸಿದವರು ದೀರ್ಘಕಾಲದ ಸಹಾಯಕಿ ಸಾರಾ ಬರ್ಟನ್ ಹಾಗೂ ಕಾರ್ಯಾಗಾರದ ಕುಶಲಿಗಳು. ಮಾರ್ಚ್ ತಿಂಗಳಲ್ಲಿ ಪ್ಯಾರಿಸ್ಸಿನ ಹಳೆಯ ಭವನವೊಂದರಲ್ಲಿ, ಆಡಂಬರವಿಲ್ಲದೆ, 16 ಉಡುಪುಗಳನ್ನು ಸಣ್ಣ ಸಣ್ಣ ಗುಂಪುಗಳಿಗೆ ತೋರಿಸಲಾಯಿತು. ಮುಂದೆ ಬರ್ಟನ್ 2023ರವರೆಗೆ ಆ ಸಂಸ್ಥೆಯ ವಿನ್ಯಾಸದ ಹೊಣೆ ಹೊತ್ತರು.

ಇಲ್ಲಿ ಎರಡು ಅಂಶಗಳು ಗಮನಾರ್ಹ. ಮೊದಲನೆಯದು, ಚರ್ಚಿನ ಗೋಡೆಯ ಮೇಲೆ ಆರಾಧನೆಗಾಗಿ ಇದ್ದ ಬಿಂಬ ಮೈಮೇಲಿನ ಬಟ್ಟೆಗೆ ಇಳಿದು ಬಂದದ್ದು. ಉತ್ತರ ಕರ್ನಾಟಕದ ಹೆಣ್ಣುಮಕ್ಕಳು ಇದನ್ನು ಬಹುಕಾಲದಿಂದ ಮಾಡಿಕೊಂಡು ಬಂದಿದ್ದಾರೆ. ಇಳಕಲ್ ಸೀರೆಯ ಮೇಲಿನ ಕಸೂತಿಯಲ್ಲಿ ಗೋಪುರ, ತೇರು, ತುಳಸಿ ವೃಂದಾವನ, ಆನೆ, ನವಿಲುಗಳು ಮೂಡುತ್ತವೆ. ನಕ್ಷೆ ಬರೆದುಕೊಳ್ಳದೆ ಎಳೆಗಳನ್ನು ಎಣಿಸಿಯೇ ಹೆಣೆಯುವ ಗವಂತಿ, ಮುರ್ಗಿ ಹೊಲಿಗೆಗಳಲ್ಲಿ ಗಂಟಿಲ್ಲದೆ ಎರಡೂ ಬದಿಗಳು ಒಂದೇ ಬಗೆಯಾಗಿ ಕಾಣುತ್ತವೆ. ಎರಡನೆಯದು, ಕೃತಿಯ ಒಡೆತನ. ಮೆಕ್ವೀನನ ಅಪೂರ್ಣ ಕೃತಿ ಅವನ ಹೆಸರಿನಲ್ಲಿಯೇ ಉಳಿಯಿತು. ಅದನ್ನು ಪೂರ್ಣಗೊಳಿಸಿದವರ ಮುಖ್ಯಸ್ಥೆಯ ಹೆಸರೂ ಚರಿತ್ರೆಗೆ ಸೇರಿತು. ತಾಯಿ ಅರ್ಧಕ್ಕೆ ಬಿಟ್ಟ ಸೆರಗನ್ನು ಮಗಳು ಮುಗಿಸಿದರೆ ಅಲ್ಲಿ ಇಬ್ಬರ ಹೆಸರೂ ಉಳಿಯುವುದಿಲ್ಲ. ಉಳಿಯುವುದು ಎಣಿಕೆಯ ಜ್ಞಾನ ಮಾತ್ರ.

ವಸ್ತ್ರ ಬೇಗ ಜೀರ್ಣವಾಗುವ ವಸ್ತು. ಕಲ್ಲಿನಂತೆ ಅದು ತನ್ನ ಶಾಸನವನ್ನು ಹೊತ್ತು ನಿಲ್ಲಲಾರದು. ಆದುದರಿಂದ ವಸ್ತು ಸಂಗ್ರಹಾಲಯಗಳು ಸೀರೆಯೊಂದನ್ನು ಪಡೆಯುವಾಗ ಅದರ ಊರು, ಶೈಲಿಗಳ ಜೊತೆಗೆ, ಒಪ್ಪಿಗೆ ಪಡೆದು, ನೇಯ್ದವರ ಮತ್ತು ಹೊಲಿದವರ ಹೆಸರನ್ನೂ ದಾಖಲಿಸಬೇಕಾದುದು ಅವಶ್ಯ. ಅದಿಲ್ಲದೆ ನಮ್ಮ ವಸ್ತ್ರಚರಿತ್ರೆ ಉಟ್ಟವರ ಚರಿತ್ರೆಯಾಗಿಯೇ ಉಳಿಯುತ್ತದೆ.