ಕ್ಯಾಲಿಗುಲಾ ಚಕ್ರವರ್ತಿಯ ವ್ಯಾಧಿ

ಅರಸನ ದೇಹಕ್ಕೆ ತಗುಲಿದ ಬೇನೆಯು ರಾಜ್ಯದ ಬೇನೆಯಾಗಿ ಪರಿಣಮಿಸಿದ ನಿದರ್ಶನಗಳು ಚರಿತ್ರೆಯಲ್ಲಿ ವಿರಳವಲ್ಲ. ಆದರೆ ಬೇನೆಯಿಂದ ಗುಣಹೊಂದಿದ ದಿನದಿಂದಲೇ ರಾಜ್ಯಕ್ಕೆ ಕೇಡುಗಾಲವು ಮೊದಲಾಯಿತೆಂದು ಹೇಳಿಸಿಕೊಂಡ ಪ್ರಭುವು, ರೋಮ್ ಸಾಮ್ರಾಜ್ಯದ ಮೂರನೆಯ ಚಕ್ರವರ್ತಿಯಾದ ಗಾಯಸ್‌ನಂತೆ ಮತ್ತೊಬ್ಬನು ದೊರೆಯುವುದು ಕಷ್ಟ. ಲೋಕವು ಈತನನ್ನು ಕ್ಯಾಲಿಗುಲಾ ಎಂಬ ಅಡ್ಡಹೆಸರಿನಿಂದ ಬಲ್ಲದು. ಕ್ರಿ. ಶ. ೩೭ರ ಮಾರ್ಚಿ ತಿಂಗಳಿನಲ್ಲಿ ಪಟ್ಟಕ್ಕೆ ಬಂದು, ಅದೇ ವರ್ಷದ ಶರತ್ಕಾಲದಲ್ಲಿ ಪ್ರಾಣಾಂತಿಕವಾದ ರೋಗಕ್ಕೆ ಈಡಾಗಿ, ಚೇತರಿಸಿಕೊಂಡು, ೪೧ರ ಜನವರಿ ೨೪ರಂದು ತನ್ನ ಅಂಗರಕ್ಷಕರ ಕತ್ತಿಗೇ ಬಲಿಯಾದ ಈತನ ಆಳ್ವಿಕೆಯು ನಾಲ್ಕು ವರ್ಷಗಳನ್ನೂ ತುಂಬಲಿಲ್ಲ. ಈ ಅಲ್ಪಾವಧಿಯ ನಡುವೆ ಆ ರೋಗವನ್ನು ಗಡಿಕಲ್ಲಾಗಿ ನೆಟ್ಟು, ಅದಕ್ಕೆ ಮುಂಚಿನವನು ಧರ್ಮಪ್ರಭು, ಅನಂತರದವನು ಉನ್ಮತ್ತ ಎಂದು ಭಾಗಮಾಡುವ ವಾಡಿಕೆಯು ಬಹು ಹಿಂದಿನಿಂದ ಬಂದಿದೆ. ಈ ವಾಡಿಕೆಯು ಎಷ್ಟರ ಮಟ್ಟಿಗೆ ನ್ಯಾಯವಾದುದು? ರೋಗವು ಆತನ ಮಿದುಳನ್ನು ಕೆಡಿಸಿತೆ, ಅಥವಾ ರೋಗಶಯ್ಯೆಯಲ್ಲಿದ್ದಾಗ ಆತನಿಗೆ ತಿಳಿದುಬಂದ ಸಂಗತಿಯು ಆತನ ಮನಸ್ಸನ್ನು ಕೆಡಿಸಿತೆ?

ಗಾಯಸ್‌ನು ಹುಟ್ಟಿದುದು ಕ್ರಿ. ಶ. ೧೨ರ ಆಗಸ್ಟ್ ೩೧ರಂದು. ತಂದೆ ಜರ್ಮಾನಿಕಸ್‌ನು ರೋಮನ್ ಜನರ ಕಣ್ಮಣಿಯಾಗಿದ್ದ ಸೇನಾನಿ. ತಾಯಿ ಆಗ್ರಿಪ್ಪಿನಾ ಆಗಸ್ಟಸ್ ಚಕ್ರವರ್ತಿಯ ಮಗಳ ಮಗಳು. ರೈನ್ ನದಿಯ ಬಳಿಯ ದಂಡಿನ ಪಾಳೆಯದಲ್ಲಿ ಸಿಪಾಯಿಗಳಂತೆಯೇ ಉಡುಪು ತೊಟ್ಟು ಓಡಾಡುತ್ತಿದ್ದ ಕೂಸಿಗೆ ಆ ಸಿಪಾಯಿಗಳು ತಮ್ಮ ಪಾದರಕ್ಷೆಯ ಹೆಸರನ್ನೇ ಕಿರಿದುಮಾಡಿ, ‘ಪುಟ್ಟ ಜೋಡು’ ಎಂಬ ಅರ್ಥದ ಕ್ಯಾಲಿಗುಲಾ ಎಂಬ ಮುದ್ದಿನ ಹೆಸರನ್ನಿಟ್ಟರು. ಈ ಮುದ್ದು ಬಹುಕಾಲ ಉಳಿಯಲಿಲ್ಲ. ೧೯ರಲ್ಲಿ ತಂದೆಯು ಆಂಟಿಯೋಕ್ ಪಟ್ಟಣದಲ್ಲಿ ತೀರಿಕೊಂಡನು. ವಿಷವಿಕ್ಕಿದರೆಂಬ ಸಂಶಯವು ದೇಶವೆಲ್ಲ ಹಬ್ಬಿತು. ಮುಂದೆ ಟೈಬೀರಿಯಸ್ ಚಕ್ರವರ್ತಿಯ ಸಂಶಯಕ್ಕೆ ಗುರಿಯಾಗಿ ತಾಯಿಯೂ ನೀರೋ ಎಂಬ ಹಿರಿಯಣ್ಣನೂ ದ್ವೀಪಗಳಿಗೆ ಗಡೀಪಾರಾಗಿ ಅಲ್ಲಿಯೇ ಸತ್ತರು. ಎರಡನೆಯ ಅಣ್ಣನಾದ ಡ್ರೂಸಸ್‌ನು ೩೩ರಲ್ಲಿ ಅರಮನೆಯ ಸೆರೆಯೊಳಗೆ ಅನ್ನವಿಲ್ಲದೆ ಪ್ರಾಣಬಿಟ್ಟನು. ಉಳಿದೊಬ್ಬ ಗಂಡುಮಗನಾದ ಗಾಯಸ್‌ನನ್ನು ಆ ಮುದುಕ ಚಕ್ರವರ್ತಿಯು ೩೧ರಲ್ಲಿಯೇ ಕ್ಯಾಪ್ರಿ ದ್ವೀಪಕ್ಕೆ ಕರೆಯಿಸಿಕೊಂಡಿದ್ದನು. ತನ್ನ ಮನೆತನವನ್ನು ಹಾಳುಮಾಡಿದವನ ಪಂಕ್ತಿಯಲ್ಲಿಯೇ ಉಂಡು, ಆತನ ಮುಖವನ್ನೇ ನೋಡುತ್ತ, ಒಂದು ನಿಟ್ಟುಸಿರನ್ನಾದರೂ ಹೊರಗೆಡಹದೆ ಆ ಯುವಕನು ಸುಮಾರು ಆರು ವರ್ಷಗಳನ್ನು ಕಳೆದನು. ಆತನ ಬಾಯಿಂದ ದೂರಿನ ಮಾತೊಂದನ್ನು ಹೊರಡಿಸಬೇಕೆಂದು ಯತ್ನಿಸಿದವರೆಲ್ಲರೂ ಸೋತರು. ಮನಸ್ಸನ್ನು ಅಡಗಿಸಿಡುವ ವಿದ್ಯೆಯನ್ನು ಇದಕ್ಕಿಂತ ಕಠಿನವಾದ ಶಾಲೆಯಲ್ಲಿ ಕಲಿತವರು ವಿರಳ.

ದೇಹವೂ ದೃಢವಾದುದಾಗಿರಲಿಲ್ಲ. ಬಾಲ್ಯದಲ್ಲಿ ಆತನಿಗೆ ಅಪಸ್ಮಾರವಿದ್ದಿತೆಂದು ಚರಿತಕಾರನಾದ ಸ್ಯೂಟೋನಿಯಸ್‌ನು ಬರೆದಿದ್ದಾನೆ. ರೋಮನರು ಈ ರೋಗವನ್ನು ‘ಸಭೆಯ ರೋಗ’ವೆಂದು ಕರೆಯುತ್ತಿದ್ದರು, ಜನಸಭೆಯು ಕೂಡಿದ್ದಾಗ ಯಾರಾದರೊಬ್ಬನು ಈ ಮೂರ್ಛೆಯಿಂದ ಬಿದ್ದರೆ ಅದನ್ನು ಅಪಶಕುನವೆಂದೆಣಿಸಿ ಅಂದಿನ ಸಭೆಯನ್ನೇ ಮುರಿಯುತ್ತಿದ್ದುದು ಇದಕ್ಕೆ ಕಾರಣ. ಪ್ರಾಯಕ್ಕೆ ಬಂದ ಬಳಿಕ ಗಾಯಸ್‌ನು ಶ್ರಮವನ್ನು ಸಹಿಸಬಲ್ಲವನಾದರೂ, ಒಮ್ಮೊಮ್ಮೆ ಇದ್ದಕ್ಕಿದ್ದಂತೆ ನಿತ್ರಾಣವುಂಟಾಗಿ ನಡೆಯಲಾರದೆ, ನಿಲ್ಲಲಾರದೆ ಹೋಗುತ್ತಿದ್ದನು. ರಾತ್ರಿ ಮೂರು ತಾಸಿಗಿಂತ ಹೆಚ್ಚು ನಿದ್ದೆ ಬರುತ್ತಿರಲಿಲ್ಲ; ಬಂದ ನಿದ್ದೆಯೂ ಭಯಂಕರ ಸ್ವಪ್ನಗಳಿಂದ ಕೂಡಿರುತ್ತಿತ್ತು. ಅರಮನೆಯ ಉದ್ದವಾದ ಕಂಬಸಾಲುಗಳಲ್ಲಿ ಅತ್ತಿಂದಿತ್ತ ತಿರುಗುತ್ತ, ಬೆಳಗಾಗಲೆಂದು ಮೊರೆಯಿಡುತ್ತ ಆತನು ಇರುಳನ್ನು ನೂಕುತ್ತಿದ್ದನಂತೆ. ತನ್ನ ಮನಸ್ಸು ಸ್ವಸ್ಥವಾಗಿಲ್ಲವೆಂದು ಆತನಿಗೇ ಅನುಮಾನವುಂಟಾಗಿ, ಕೆಲಕಾಲ ಏಕಾಂತಕ್ಕೆ ಹೋಗಿ ಮಿದುಳನ್ನು ಶುದ್ಧಿಮಾಡಿಸಿಕೊಳ್ಳಬೇಕೆಂದು ಯೋಚಿಸಿದ್ದನೆಂದೂ ಅದೇ ಚರಿತಕಾರನು ಹೇಳುತ್ತಾನೆ. ತನಗೆ ರೋಗವುಂಟೆಂದು ಬಲ್ಲ ರೋಗಿಯ ಈ ಚಿತ್ರವು ಕರುಣೆಯನ್ನು ಹುಟ್ಟಿಸದೆ ಇರದು.

೩೭ರ ಮಾರ್ಚಿ ೧೬ರಂದು ಟೈಬೀರಿಯಸ್‌ನು ಕಾಲವಾದನು. ಆತನು ಬರೆದಿಟ್ಟ ಮರಣಶಾಸನದಲ್ಲಿ ಗಾಯಸ್‌ನ ಜೊತೆಗೆ ಜೆಮೆಲ್ಲಸ್ ಎಂಬ ತನ್ನ ಸ್ವಂತ ಮೊಮ್ಮಗನನ್ನೂ ಸಮಭಾಗಿಯನ್ನಾಗಿ ಮಾಡಿದ್ದನು. ಅಂಗರಕ್ಷಕ ದಳದ ಅಧಿಪತಿಯಾದ ಮ್ಯಾಕ್ರೋವಿನ ಬೆಂಬಲದಿಂದ ಸೆನೆಟ್ ಸಭೆಯು ಆ ಮರಣಶಾಸನವನ್ನು ರದ್ದುಮಾಡಿ, ೨೪ ವರ್ಷದ ಗಾಯಸ್‌ನೊಬ್ಬನಿಗೇ ಸಮಸ್ತ ಅಧಿಕಾರವನ್ನೂ ಒಪ್ಪಿಸಿತು. ಜನರ ಹರ್ಷಕ್ಕೆ ಪಾರವಿರಲಿಲ್ಲ. ಮುಂದಿನ ಮೂರು ತಿಂಗಳು ತುಂಬುವುದರೊಳಗೆ ದೇವತೆಗಳಿಗೆ ೧,೬೦,೦೦೦ಕ್ಕೂ ಹೆಚ್ಚು ಪಶುಗಳನ್ನು ಬಲಿಕೊಟ್ಟರೆಂದು ಲೆಕ್ಕವಿದೆ. ಹೊಸ ಪ್ರಭುವು ಗಡೀಪಾರಾದವರನ್ನು ಮರಳಿ ಕರೆಯಿಸಿದನು. ರಾಜದ್ರೋಹದ ವಿಚಾರಣೆಗಳನ್ನು ನಿಲ್ಲಿಸಿದನು. ತಾನೇ ದ್ವೀಪಗಳಿಗೆ ಹೋಗಿ ತಾಯಿಯ ಮತ್ತು ಅಣ್ಣನ ಅಸ್ಥಿಗಳನ್ನು ತಂದು ಆಗಸ್ಟಸ್‌ನ ಸಮಾಧಿಮಂದಿರದಲ್ಲಿ ಇರಿಸಿದನು. ತನ್ನ ಮನೆತನದ ನಾಶಕ್ಕೆ ಕಾರಣವಾದ ವಿಚಾರಣೆಗಳ ಕಾಗದಪತ್ರಗಳನ್ನು ಎಲ್ಲರೆದುರಿಗೆ ಸುಡಿಸಿ, ಯಾರ ಮೇಲೂ ತನಗೆ ಹಗೆಯಿಲ್ಲವೆಂದು ಸಾರಿದನು.

ಆಳ್ವಿಕೆಯ ಎಂಟನೆಯ ತಿಂಗಳಿನಲ್ಲಿ ರೋಗವು ಬಂದಿತು. ಅದರ ಲಕ್ಷಣಗಳಾವುವೆಂದು ಪ್ರಾಚೀನರಲ್ಲಿ ಯಾರೂ ವಿವರಿಸಿಲ್ಲ. ಅಲೆಕ್ಸಾಂಡ್ರಿಯದ ಯೆಹೂದಿ ತತ್ತ್ವಜ್ಞನಾದ ಫೈಲೋ ಎಂಬಾತನು ಇದಕ್ಕೆ ಮದ್ಯಪಾನ, ಅತಿಭೋಜನ, ಅಕಾಲದಲ್ಲಿ ಬಿಸಿನೀರಿನ ಸ್ನಾನ ಮುಂತಾದ ಅನಿಯಮಗಳನ್ನು ಕಾರಣವಾಗಿ ಹೇಳುತ್ತಾನೆ. ಸಮುದ್ರಯಾನವು ನಿಲ್ಲುವ ಕಾಲವು ಸಮೀಪಿಸಿದ್ದುದರಿಂದ, ತಮ್ಮ ತಮ್ಮ ಊರುಗಳಿಗೆ ಹಿಂದಿರುಗುತ್ತಿದ್ದ ನಾವಿಕರು ಈ ವಾರ್ತೆಯನ್ನು ಎಲ್ಲ ರೇವುಗಳಿಗೂ ಮುಟ್ಟಿಸಿದರು. ಸಾಮ್ರಾಜ್ಯವೇ ರೋಗಿಯೊಡನೆ ಹಾಸಿಗೆ ಹಿಡಿದಂತಾಯಿತು. ರೋಮ್ ನಗರದಲ್ಲಿ ಜನರು ಅರಮನೆಯ ಸುತ್ತ ಇರುಳೆಲ್ಲ ಕಾದು ಕುಳಿತರು. ಪ್ರಭುವು ಬದುಕಿದರೆ ಮಲ್ಲರ ಕಣದಲ್ಲಿ ಕತ್ತಿ ಹಿಡಿದು ಹೋರಾಡುವೆನೆಂದು ಒಬ್ಬನು ಹರಕೆ ಹೊತ್ತನು. ಆತನ ಪ್ರಾಣಕ್ಕೆ ಪ್ರತಿಯಾಗಿ ತನ್ನ ಪ್ರಾಣವನ್ನೇ ಒಪ್ಪಿಸುವೆನೆಂದು ಇನ್ನೊಬ್ಬನು ಹರಕೆ ಹೊತ್ತನು.

ಪ್ರಭುವು ಬದುಕಿದನು, ಹರಕೆಗಳನ್ನು ಮರೆಯಲಿಲ್ಲ. ಮೊದಲನೆಯವನನ್ನು ಕಣಕ್ಕಿಳಿಸಿ, ಗೆದ್ದು ಬಹಳವಾಗಿ ಅಂಗಲಾಚಿದ ಮೇಲೆಯೇ ಬಿಟ್ಟನು. ಎರಡನೆಯವನು ಹಿಂಜರಿಯಲು, ಬಲಿಪಶುವಿನಂತೆ ಆತನನ್ನು ತೋರಣಗಳಿಂದ ಸಿಂಗರಿಸಿ, ಬೀದಿಬೀದಿಯಲ್ಲಿ ಅಟ್ಟಿಸಿಕೊಂಡು ಹೋಗಿ, ಕೋಟೆಯ ದಿಬ್ಬದಿಂದ ಕೆಳಕ್ಕೆ ನೂಕಿಸಿದನು. ಬಳಿಕ ಜೆಮೆಲ್ಲಸ್‌ನ ಸರದಿಯು ಬಂದಿತು. ಚಕ್ರವರ್ತಿಯು ರೋಗಿಯಾಗಿದ್ದಾಗ ಆತನ ಮರಣವನ್ನು ಇವನು ಹಾರೈಸಿ ಕಾದಿದ್ದನೆಂಬುದೊಂದು ಆರೋಪ. ಇವನ ಬಾಯಿಂದ ಔಷಧದ ವಾಸನೆಯು ಬಂದುದರಿಂದ, ಚಕ್ರವರ್ತಿಯು ವಿಷವಿಕ್ಕುವನೆಂದು ಶಂಕಿಸಿ ಪ್ರತಿವಿಷವನ್ನು ಸೇವಿಸಿದ್ದನೆಂಬುದು ಇನ್ನೊಂದು. ಆ ಹುಡುಗನು ಸೇವಿಸಿದ್ದುದು ಬಹುದಿನಗಳಿಂದ ಬಾಧಿಸುತ್ತಿದ್ದ ಕೆಮ್ಮಿನ ಮದ್ದು. ತನ್ನ ಕೈಯಿಂದಲೇ ಸಾಯಬೇಕೆಂದು ಆಜ್ಞೆಯಾದಾಗ ಅವನಿಗೆ ಕತ್ತಿಯನ್ನು ಎಲ್ಲಿ ಊರಿಕೊಳ್ಳಬೇಕೆಂಬುದೂ ತಿಳಿಯದೆ, ಬಂದ ಸಿಪಾಯಿಗಳನ್ನೇ ಕೇಳಿ ತಿಳಿದುಕೊಂಡನೆಂದು ಫೈಲೋ ಬರೆದಿದ್ದಾನೆ. ಗಾಯಸ್‌ನ ಮಾವನಾದ ಸಿಲಾನಸ್‌ನು ಕಡಲಿನ ಓಕರಿಕೆಗೆ ಅಂಜಿ ಆತನೊಡನೆ ಹಡಗೇರದೆ ಉಳಿದಿದ್ದನು. ಪ್ರಭುವಿಗೆ ಕಡಲಿನಲ್ಲಿ ಕೇಡಾದರೆ ನಗರವನ್ನು ವಶಪಡಿಸಿಕೊಳ್ಳಲೆಂದೇ ಉಳಿದನೆಂಬ ಆರೋಪವು ಬಂದು, ಆತನು ಕ್ಷೌರದ ಕತ್ತಿಯಿಂದ ಕೊರಳನ್ನು ಕೊಯ್ದುಕೊಳ್ಳಬೇಕಾಯಿತು. ೩೮ರಲ್ಲಿ, ಪಟ್ಟಕ್ಕೆ ತಂದ ಮ್ಯಾಕ್ರೋವಿಗೂ ಅದೇ ಗತಿಯಾಯಿತು.

ಈ ಪರಿವರ್ತನೆಗೆ ವೈದ್ಯಶಾಸ್ತ್ರದಿಂದ ಕಾರಣವನ್ನು ಹುಡುಕಿದವರು ಆಧುನಿಕರಲ್ಲಿ ಅನೇಕರು. ಮಿದುಳಿನ ಉರಿಯೂತವೆಂದು ಕೆಲವರು, ಅಪಸ್ಮಾರದ ಪರಿಣಾಮವೆಂದು ಕೆಲವರು ಊಹಿಸಿದ್ದಾರೆ. ನಿದ್ರಾಹೀನತೆಯನ್ನೂ ಚಾಂಚಲ್ಯವನ್ನೂ ಆಧಾರವಾಗಿಟ್ಟುಕೊಂಡು ಥೈರಾಯ್ಡ್ ಗ್ರಂಥಿಯ ಅತಿಸ್ರಾವವೆಂದು ವಾದಿಸಿದವರೂ ಉಂಟು. ಆದರೆ ಆ ರೋಗದಲ್ಲಿ ಕಣ್ಣುಗಳು ಹಲವೊಮ್ಮೆ ಉಬ್ಬಿ ಹೊರಚಾಚುತ್ತವೆ, ಗಾಯಸ್‌ನ ಕಣ್ಣುಗಳಾದರೋ ಗುಳಿಬಿದ್ದಿದ್ದುವೆಂದು ಸ್ಯೂಟೋನಿಯಸ್‌ನು ವರ್ಣಿಸಿದ್ದಾನೆ. ದ್ರಾಕ್ಷಾರಸವನ್ನು ಸೀಸದ ಪಾತ್ರೆಗಳಲ್ಲಿ ಕುದಿಸುತ್ತಿದ್ದುದರಿಂದ ಸೀಸದ ವಿಷವು ಏರಿತೆಂಬುದು ಮತ್ತೊಂದು ಮತ. ಆದರೆ ಅದೇ ರಸವನ್ನು ಕುಡಿದ ಇತರ ಶ್ರೀಮಂತರು ಹೀಗಾಗಲಿಲ್ಲವೇಕೆಂಬ ಪ್ರಶ್ನೆಗೆ ಇದು ಉತ್ತರ ಕೊಡದು. ರೋಗವು ಮಿದುಳನ್ನು ಮುಟ್ಟಲೇ ಇಲ್ಲವೆಂದು ಯಾರೂ ಸಾಧಿಸಲಾರರು. ಆದರೆ ಲಕ್ಷಣಗಳನ್ನೇ ಬರೆದಿಡದ ವ್ಯಾಧಿಗೆ ಎರಡು ಸಾವಿರ ವರ್ಷಗಳ ಬಳಿಕ ಹೆಸರಿಡುವುದು ನಾಡಿ ಹಿಡಿಯದೆ ನಿದಾನ ಹೇಳಿದಂತೆಯೇ ಸರಿ.

ಇಂತಹ ನಿದಾನಗಳಲ್ಲಿ ಕೆಲವಕ್ಕೆ ಬೇರೆ ಉದ್ದೇಶವೂ ಇದ್ದಿತು. ೧೮೯೪ರಲ್ಲಿ ಲುಡ್ವಿಗ್ ಕ್ವಿಡ್ಡೆ ಎಂಬ ಜರ್ಮನ್ ಇತಿಹಾಸಜ್ಞನು ಕ್ಯಾಲಿಗುಲಾನ ಅಧಿಕಾರೋನ್ಮಾದವನ್ನು ಕುರಿತು ಚಿಕ್ಕದೊಂದು ಪುಸ್ತಕವನ್ನು ಪ್ರಕಟಿಸಿದನು. ಅದರಲ್ಲಿ ಕೈಸರ್ ಎರಡನೆಯ ವಿಲ್ಹೆಲ್ಮನ ಹೆಸರು ಎಲ್ಲಿಯೂ ಇರಲಿಲ್ಲ. ಆದರೂ ಓದಿದವರೆಲ್ಲರಿಗೂ ಅದು ಯಾರ ಚಿತ್ರವೆಂಬುದು ತಿಳಿಯಿತು. ಬೇರೊಂದು ಮಾತಿಗಾಗಿ ಕ್ವಿಡ್ಡೆಯು ಮುಂದೆ ರಾಜನಿಂದೆಯ ಆರೋಪದ ಮೇಲೆ ಮೂರು ತಿಂಗಳು ಸೆರೆವಾಸವನ್ನು ಅನುಭವಿಸಿದನು. ೧೯೨೭ರಲ್ಲಿ ನೊಬೆಲ್ ಶಾಂತಿ ಪಾರಿತೋಷಿಕದಲ್ಲಿ ಭಾಗಿಯಾದನು. ಪ್ರಭುವನ್ನು ರೋಗಿಯನ್ನಾಗಿ ಮಾಡಿದುದು ಅಧಿಕಾರವೇ ಎಂಬ ಆತನ ವಾದವು ವಿಚಾರಾರ್ಹವಾಗಿದೆ.

ಪ್ರಾಚೀನರ ಸಾಕ್ಷ್ಯವೂ ಒಂದೇ ತೆರನಾಗಿಲ್ಲ. ರೋಗಕ್ಕೂ ದುರ್ನಡತೆಗೂ ಸಂಬಂಧವನ್ನು ಕಲ್ಪಿಸಿದವನು ಮುಖ್ಯವಾಗಿ ಫೈಲೋ. ಸ್ಯೂಟೋನಿಯಸ್‌ನಾದರೋ ಗಾಯಸ್‌ನ ಕ್ರೌರ್ಯವು ಕ್ಯಾಪ್ರಿಯಲ್ಲಿಯೇ ಕಂಡುಬಂದಿತ್ತೆನ್ನುತ್ತಾನೆ. ಟ್ಯಾಸಿಟಸ್‌ನ ಇತಿಹಾಸದಲ್ಲಿ ಈ ಆಳ್ವಿಕೆಯ ಭಾಗವೇ ನಷ್ಟವಾಗಿದೆ. ರೋಗವು ಕಳೆದ ಮರುವರ್ಷ, ೩೮ರಲ್ಲಿ, ಗಾಯಸ್‌ನು ರಾಜ್ಯದ ಆಯವ್ಯಯವನ್ನು ಪ್ರಕಟಿಸಿದನು. ಚುನಾವಣೆಗಳನ್ನು ಜನರಿಗೆ ಮರಳಿ ಕೊಟ್ಟನು. ನಗರದಲ್ಲಿ ಬೆಂಕಿ ಬಿದ್ದಾಗ ನಷ್ಟಪಟ್ಟವರಿಗೆ ನೆರವಾದನು. ಇವು ಬುದ್ಧಿಭ್ರಮಣೆಯಾದವನ ಕೆಲಸಗಳಲ್ಲ. ಸ್ವತಃ ಫೈಲೋ ತನ್ನ ಜನರ ಪರವಾಗಿ ನಿಯೋಗದೊಡನೆ ಬಂದು ಆತನನ್ನು ಕಣ್ಣಾರೆ ಕಂಡನು. ಚಕ್ರವರ್ತಿಯು ಉದ್ಯಾನಗೃಹದ ಕೋಣೆಯಿಂದ ಕೋಣೆಗೆ ನಡೆಯುತ್ತ, ಕಿಟಕಿಗಳ ಮತ್ತು ಚಿತ್ರಪಟಗಳ ವಿಷಯವಾಗಿ ಅಪ್ಪಣೆಕೊಡುತ್ತ, ನಡುನಡುವೆ ಹಂದಿಯ ಮಾಂಸವನ್ನು ನೀವೇಕೆ ತಿನ್ನುವುದಿಲ್ಲವೆಂದು ನಿಯೋಗದವರನ್ನು ಹಾಸ್ಯಮಾಡಿದನಂತೆ. ಇಲ್ಲಿ ಕಾಣುವುದು ದರ್ಪ, ತಾತ್ಸಾರ, ಎದುರಿಗಿದ್ದವರ ಭಯದಲ್ಲಿ ವಿನೋದ. ಸನ್ನಿಯ ಗುರುತು ಕಾಣದು.

ಹಾಗಾದರೆ ರೋಗವು ಮಾಡಿದುದೇನು? ಹಾಸಿಗೆ ಹಿಡಿದಿದ್ದಾಗ ಗಾಯಸ್‌ನು ತನ್ನ ತಂಗಿಯಾದ ಡ್ರೂಸಿಲ್ಲಾಳನ್ನು ಆಸ್ತಿಗೂ ಅಧಿಕಾರಕ್ಕೂ ಉತ್ತರಾಧಿಕಾರಿಯನ್ನಾಗಿ ಹೆಸರಿಸಿದನು. ಎಂದರೆ, ತಾನು ಸತ್ತ ಮೇಲೆ ಯಾರು ಎಂಬ ಪ್ರಶ್ನೆಯು ಆ ದಿನಗಳಲ್ಲಿ ಆತನ ಮುಂದೆಯೇ ನಿಂತಿತ್ತು. ಅದು ಆತನ ಮುಂದೆ ಮಾತ್ರವಲ್ಲದೆ, ಜೆಮೆಲ್ಲಸ್, ಸಿಲಾನಸ್, ಮ್ಯಾಕ್ರೋ ಇವರ ಮುಂದೆಯೂ ನಿಂತಿದ್ದಿರಬೇಕು. ಚೇತರಿಸಿಕೊಂಡ ಮೇಲೆ ಮೊದಲು ಸತ್ತವರು ಇವರೇ ಎಂಬುದು ಆಕಸ್ಮಿಕವೆಂದು ತೋರುವುದಿಲ್ಲ. ಮೈಮರೆತ ಉನ್ಮತ್ತನು ಹೀಗೆ ಆರಿಸಿ ಕೊಲ್ಲಲಾರನು. ತನ್ನ ಉಸಿರು ನಿಲ್ಲುವುದನ್ನು ಯಾರು ಎಣಿಸುತ್ತ ಕುಳಿತಿದ್ದರೆಂದು ಲೆಕ್ಕಹಾಕಿದವನು ಮಾತ್ರ ಹಾಗೆ ಕೊಲ್ಲಬಲ್ಲನು. ಕ್ಯಾಪ್ರಿಯಲ್ಲಿ ಬೆಳೆದವನಿಗೆ ಆ ಲೆಕ್ಕವು ಹೊಸದಲ್ಲ. ೩೯ರಲ್ಲಿ, ಸುಟ್ಟುಹಾಕಿದೆನೆಂದು ಹೇಳಿದ್ದ ಕಾಗದಪತ್ರಗಳನ್ನೇ ಸೆನೆಟ್ ಸಭೆಯಲ್ಲಿ ಓದಿಸಿ, ತನ್ನ ತಾಯಿಯನ್ನೂ ಅಣ್ಣಂದಿರನ್ನೂ ಕೊಲ್ಲಿಸಿದವರು ನೀವೇ ಎಂದು ಆ ಸದಸ್ಯರ ಮುಖದೆದುರಿಗೇ ತೋರಿಸಿದನು. ಸುಟ್ಟಿದ್ದುದು ಪ್ರತಿಗಳನ್ನು, ಮೂಲಗಳು ಭದ್ರವಾಗಿಯೇ ಇದ್ದುವು.

ವ್ಯಾಧಿಯನ್ನು ಅನುಭವಿಸಿದವನು ಇತರರ ವ್ಯಾಧಿಗೆ ಮರುಗುವನೆಂಬುದು ಲೋಕದ ಅನುಭವ. ಗಾಯಸ್‌ನಲ್ಲಿ ಇದು ತಲೆಕೆಳಗಾಯಿತು. ಕೆಮ್ಮಿನ ಹುಡುಗನು ಸತ್ತನು. ಓಕರಿಕೆಯ ಮುದುಕನು ಸತ್ತನು. ಆಂಟಿಸಿರಾ ಎಂಬ ಊರಿಗೆ ಮೂಲಿಕೆಯ ಚಿಕಿತ್ಸೆಗಾಗಿ ಹೋಗಿ ಮತ್ತೆ ಮತ್ತೆ ರಜೆಯನ್ನು ಬೇಡಿದ ಅಧಿಕಾರಿಯೊಬ್ಬನನ್ನು, ಇಷ್ಟು ದಿನ ಮದ್ದು ನಾಟದವನಿಗೆ ರಕ್ತವನ್ನು ತೆಗೆಯುವುದೇ ತಕ್ಕುದೆಂದು ಹೇಳಿ ಕೊಲ್ಲಿಸಿದನು. ಆ ಮೂಲಿಕೆಯು ಚಿತ್ತವಿಕಾರಕ್ಕೆ ಅಂದಿನವರು ಕೊಡುತ್ತಿದ್ದ ಪ್ರಸಿದ್ಧ ಔಷಧ. ತನ್ನ ಮಿದುಳನ್ನು ಶುದ್ಧಿಮಾಡಿಸಿಕೊಳ್ಳಬೇಕೆಂದಿದ್ದವನು ಅದನ್ನು ಅರಿಯದಿರಲಾರನು. ತತ್ತ್ವಜ್ಞನಾದ ಸೆನೆಕಾ ಒಬ್ಬನು ಮಾತ್ರ ರೋಗದಿಂದಲೇ ಬದುಕಿಕೊಂಡನು: ಆತನಿಗೆ ಕ್ಷಯವು ಬಲಿತಿದೆ, ತಾನಾಗಿಯೇ ಸಾಯುವನು ಎಂದು ಯಾರೋ ಹೇಳಿದುದರಿಂದ ಕೊಲ್ಲುವ ಶ್ರಮವು ಬೇಡವೆನಿಸಿತಂತೆ.

ಗಾಯಸ್‌ನ ಕೊಲೆಯಾದ ಬಳಿಕ ಸಿಪಾಯಿಗಳು ಅರಮನೆಯ ತೆರೆಯ ಮರೆಯಿಂದ ಎಳೆದು ತಂದು ಚಕ್ರವರ್ತಿಯನ್ನಾಗಿ ಮಾಡಿದುದು ಆತನ ಚಿಕ್ಕಪ್ಪನಾದ ಕ್ಲಾಡಿಯಸ್‌ನನ್ನು. ಈತನೂ ಹುಟ್ಟಿನಿಂದ ರೋಗಿಷ್ಠ. ಕುಂಟುತ್ತಿದ್ದನು, ತೊದಲುತ್ತಿದ್ದನು, ಮನೆಯವರಿಂದಲೇ ಹೀಯಾಳಿಸಿಕೊಂಡಿದ್ದನು. ಆದರೂ ದೋಷಗಳಿಂದ ಮುಕ್ತನಲ್ಲದ ಈತನು ೧೩ ವರ್ಷಗಳು ಶ್ರಮಪಟ್ಟು ರಾಜ್ಯಭಾರವನ್ನು ನಡೆಯಿಸಿದನು. ಒಂದೇ ಮನೆತನ, ರೋಗದ ದೇಹಗಳೆರಡು, ಫಲವು ಮಾತ್ರ ಬೇರೆ. ಆದುದರಿಂದ ದೇಹದ ವ್ಯಾಧಿಯೊಂದರ ಮೇಲೆಯೇ ಎಲ್ಲ ಅಪರಾಧವನ್ನೂ ಹೊರಿಸಲಾಗದು. ಮೃತ್ಯುವಿನ ಸಮೀಪಕ್ಕೆ ಹೋಗಿ ಬಂದವನು ಯಾರನ್ನೂ ನಂಬದಂತಾಗುವುದು ಸಾಮಾನ್ಯ ಗೃಹಸ್ಥರಲ್ಲಿಯೂ ಉಂಟು. ಅಂತಹವನ ಸಂಶಯದಿಂದ ಮನೆಯವರ ಕಣ್ಣೀರು ಹರಿಯುವುದೇ ಹೊರತು ರಕ್ತವು ಹರಿಯುವುದಿಲ್ಲ. ತಡೆಯುವವರಾರೂ ಇಲ್ಲದ ಅಧಿಕಾರವನ್ನು ೨೪ ವರ್ಷದ ಯುವಕನ ಕೈಯಲ್ಲಿ ಇಟ್ಟು, ಆತನಿಗಾಗಿ ಪ್ರಾಣವನ್ನೇ ಕೊಡುವೆವೆಂದು ಕೂಗಿದವರು ರೋಮ್ ನಗರದ ಜನರು. ಆತನು ಆ ಮಾತನ್ನು ನಿಜವೆಂದೇ ತೆಗೆದುಕೊಂಡನು.