ಕೃಷ್ಣೆ ತುಂಗಭದ್ರೆಗಳಾಚೆ: ಕನ್ನಡ ಸೀಮೆ ಮತ್ತು ವಿಕ್ಟೋರಿಯಾ ಕಾಲದ ಸುಧಾರಣಾ ಶಾಲೆಗಳು

ಅಪರಾಧದಲ್ಲಿ ಸಿಕ್ಕಿಬಿದ್ದ ಮಗುವನ್ನು ಸೆರೆಮನೆಗೆ ದೂಡದೆ, ಅಕ್ಷರವನ್ನೂ ಕಸುಬನ್ನೂ ಕಲಿಸಿ ತಿದ್ದಬೇಕೆಂದು ಕಟ್ಟಿದ ವಸತಿ ಸಂಸ್ಥೆಗೆ ಹತ್ತೊಂಬತ್ತನೆಯ ಶತಮಾನದಲ್ಲಿ ‘ರಿಫಾರ್ಮೆಟರಿ’, ಅಂದರೆ ಸುಧಾರಣಾ ಶಾಲೆ, ಎಂಬ ಹೆಸರು ಬಂತು. ಸಮಾಜ ಸುಧಾರಕಿ ಮೇರಿ ಕಾರ್ಪೆಂಟರ್ ಇಂಗ್ಲೆಂಡಿನ ಬ್ರಿಸ್ಟಲ್ ಬಳಿಯ ಕಿಂಗ್ಸ್‌ವುಡ್‌ನಲ್ಲಿ 1852ರಲ್ಲಿ ಇಂಥ ಶಾಲೆಯನ್ನು ತೆರೆದ ಎರಡು ವರ್ಷಗಳಲ್ಲೇ ಬ್ರಿಟಿಷ್ ಸಂಸತ್ತು ಈ ಬಗೆಯ ಶಾಲೆಗಳಿಗೆ ಕಾನೂನಿನ ಮನ್ನಣೆ ನೀಡಿತಾದರೂ, 16 ವರ್ಷದೊಳಗಿನ ಅಪರಾಧಿ ಮೊದಲು ಕನಿಷ್ಠ 14 ದಿನ ಜೈಲಿನಲ್ಲಿ ಕಳೆಯಬೇಕೆಂದು ವಿಧಿಸಿತು. ಜೈಲು ತಪ್ಪಿಸಲು ಹುಟ್ಟಿದ ಶಾಲೆಗೆ ಜೈಲೇ ಹೆಬ್ಬಾಗಿಲಾಗಿದ್ದ ಈ ವಿಪರ್ಯಾಸ ಪೂರ್ತಿಯಾಗಿ ಅಳಿದದ್ದು 1899ರಲ್ಲಿ.

ಭಾರತದಲ್ಲಿ ಡೇವಿಡ್ ಸ್ಯಾಸೂನ್ ಎಂಬ ಯಹೂದಿ ವರ್ತಕನ ಹೆಸರಿನ ಇಂಥ ಸಂಸ್ಥೆ ಮುಂಬಯಿಯಲ್ಲಿ 1857ರಲ್ಲಿ ನೆಲೆಗೊಂಡಿತು; 1876ರ ಸುಧಾರಣಾ ಶಾಲೆಗಳ ಕಾಯ್ದೆಯ ಜಾಗಕ್ಕೆ 1897ರ ಕಾಯ್ದೆ ಬಂದಿತು. ಈ ಎರಡನೆಯದರ ಪ್ರಕಾರ 15 ವರ್ಷದೊಳಗಿನ ಗಂಡುಹುಡುಗರನ್ನು ಮಾತ್ರ ಶಾಲೆಗೆ ಕಳಿಸಬಹುದಿದ್ದು, ಅವರನ್ನು 3ರಿಂದ 7 ವರ್ಷ ಇರಿಸಿಕೊಳ್ಳಲು ಅವಕಾಶವಿತ್ತು. ರಾತ್ರಿ ಹುಡುಗರನ್ನು ಬೇರೆಬೇರೆಯಾಗಿ ಮಲಗಿಸುವ ವ್ಯವಸ್ಥೆಯನ್ನೂ ಅದು ಕಡ್ಡಾಯಗೊಳಿಸಿತ್ತು. ಹೆಣ್ಣುಮಕ್ಕಳಿಗೆ ಈ ಶಾಲೆಗಳಲ್ಲಿ ಜಾಗವಿರಲಿಲ್ಲ.

ಪಾಮನಕಲ್ಲೂರು, ಮಸ್ಕಿ, ಸಿಂಧನೂರುಗಳನ್ನೊಳಗೊಂಡ ರಾಯಚೂರು ದೋಆಬು, ಅಂದರೆ ಕೃಷ್ಣೆ ತುಂಗಭದ್ರೆಗಳ ನಡುವಣ ಸೀಮೆ, 1853ರಲ್ಲಿ ಬ್ರಿಟಿಷರ ಕೈಸೇರಿ 1860ರಲ್ಲಿ ಹೈದರಾಬಾದಿನ ನಿಜಾಮರಿಗೆ ಮರಳಿದ್ದರಿಂದ, ಬ್ರಿಟಿಷ್ ಇಂಡಿಯಾಕ್ಕಾಗಿ ರಚಿಸಿದ ಈ ಕಾಯ್ದೆಗಳು ಇಲ್ಲಿಗೆ ತಾವಾಗಿಯೇ ಅನ್ವಯಿಸಲಿಲ್ಲ. ತುಂಗಭದ್ರೆ ದಾಟಿದರೆ ಸಿರುಗುಪ್ಪ ಮದ್ರಾಸ್ ಪ್ರಾಂತ್ಯದ್ದು, ಕೃಷ್ಣೆಯಾಚೆಯ ಬಿಜಾಪುರ ಮುಂಬಯಿ ಪ್ರಾಂತ್ಯದ್ದು. ಒಂದೇ ಮಾತಾಡುವ ಊರುಗಳ ಹುಡುಗರು ಒಂದೇ ತಪ್ಪಿಗೆ ಬೇರೆಬೇರೆ ಕಾನೂನುಗಳೆದುರು ನಿಲ್ಲಬೇಕಾದದ್ದು ಹೊಳೆಯ ದಡದ ಲೆಕ್ಕದಲ್ಲಿ.

ಇವೆಲ್ಲಕ್ಕಿಂತ ಕಠೋರವಾದದ್ದು 1911ರ ಅಪರಾಧಿ ಬುಡಕಟ್ಟುಗಳ ಕಾಯ್ದೆ. ಕೆಲವು ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳೆಂದು ಘೋಷಿಸುತ್ತಿದ್ದ ಈ ಕಾಯ್ದೆ, 6ರಿಂದ 18 ವರ್ಷದೊಳಗಿನ ಮಕ್ಕಳನ್ನು ತಂದೆತಾಯಿಗಳಿಂದ ಬೇರ್ಪಡಿಸಿ ಕೈಗಾರಿಕೆಯ, ಬೇಸಾಯದ ಇಲ್ಲವೆ ಸುಧಾರಣೆಯ ಶಾಲೆಗಳಲ್ಲಿಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಟ್ಟಿತು. ರಿಫಾರ್ಮೆಟರಿಗೆ ಹೋಗುವ ಹುಡುಗನ ಮೇಲೆ ಕನಿಷ್ಠಪಕ್ಷ ಒಂದು ಅಪರಾಧವಾದರೂ ರುಜುವಾತಾಗಬೇಕಿತ್ತು. ಇಲ್ಲಿ ಅದೂ ಬೇಕಿರಲಿಲ್ಲ, ಗಂಟಿಚೋರ, ಕೊರವ ಅಥವಾ ಹರಣಶಿಕಾರಿ ಸಮುದಾಯದ ಮಗುವಾಗಿರುವುದೇ ಸಾಕಿತ್ತು. ಮುಂಬಯಿ ಪ್ರಾಂತ್ಯದಲ್ಲಿ ಸ್ಟಾರ್ಟ್ ಎಂಬ ಅಧಿಕಾರಿಯ ಉಸ್ತುವಾರಿಯಲ್ಲಿ ಬಿಜಾಪುರದಿಂದ ಮೊದಲಾದ ‘ಸೆಟ್ಲ್‌ಮೆಂಟ್’ಗಳು, ಅಂದರೆ ಕಾವಲಿನ ವಸತಿಗಳು, ಹುಬ್ಬಳ್ಳಿ ಗದಗಗಳಿಗೂ ಹಬ್ಬಿದವು. ಅವನ್ನು ಸುಧಾರಣೆಯೆಂದು ಬಣ್ಣಿಸಿದ ಅಂದಿನ ಆಡಳಿತದ ಮಾತನ್ನು ಹಾಗೆಯೇ ಒಪ್ಪುವಂತಿಲ್ಲ.

ಹೈದರಾಬಾದ್ ರಾಜ್ಯ 1951ರಲ್ಲಿ ತನ್ನದೇ ಮಕ್ಕಳ ಕಾಯ್ದೆಯನ್ನು ರೂಪಿಸಿತು; ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರಲ್ಲಿ ದೇಶದಾದ್ಯಂತ ರದ್ದಾಯಿತು. ಹುಬ್ಬಳ್ಳಿ ಮತ್ತು ಗದಗದಲ್ಲಿ ಆ ವಸತಿಗಳಿದ್ದ ಬಡಾವಣೆಗಳನ್ನು ಜನ ಇಂದಿಗೂ ಸೆಟ್ಲ್‌ಮೆಂಟ್ ಎಂದೇ ಕರೆಯುತ್ತಾರೆ.